ಮಲಗಿಸಿದ ಜಾಕ್ ತಳ್ಳಲೇ ಇಲ್ಲ

ಕಾರಿನ ಚಾಸಿಯ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿನ, ಮುಂಭಾಗ ಎಡಕ್ಕೆ ಬಾಗಿತ್ತು. ಎಳೆದು ನೇರ ಮಾಡೋಣ ಅಂತ ದಪ್ಪ ಕಬ್ಬಿಣದ ಚಾನೆಲ್ ವೆಲ್ಡ್ ಮಾಡಿ, 10 ಟನ್ನಿನ ಬಾಟಲ್ ಜಾಕ್ (ಪಂಪ್ ಹೊಡೆದಾಗ ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಸಾಧನ), ಚೈನು, ಕ್ಲ್ಯಾಂಪು ಸೇರಿಸಿ ಒಂದು ಸಾಧನ ಮಾಡಿಕೊಂಡೆ.

ಜಾಕನ್ನು ಅಡ್ಡ ಮಲಗಿಸಿ ಪಂಪ್ ಹೊಡೆದರೆ ಅದು ತಳ್ಳಲೇ ಇಲ್ಲ. ಎಣ್ಣೆ ಸೋರದಂತೆ ತಡೆಯುವ ಸೀಲ್ ಹೋಗಿದೆ ಅಂದುಕೊಂಡು ಒಂದು ದಿನ ಕಳೆದೆ. ಕಾರಣ ಬೇರೆಯೇ ಇತ್ತು. ಪಂಪ್ ಇರುವ ಬದಿ ಮೇಲಕ್ಕಿತ್ತು. ಎಣ್ಣೆಯೆಲ್ಲ ಕೆಳಗಿಳಿದು, ಪಂಪ್ ಬರೀ ಗಾಳಿ ಎಳೆಯುತ್ತಿತ್ತು. ಜಾಕನ್ನು ನೆಟ್ಟಗೆ ನಿಲ್ಲಿಸಿ, ಒತ್ತಡ ಬಿಡುವ ರಿಲೀಸ್ ವಾಲ್ವ್ ಸಡಿಲಿಸಿ, ಹತ್ತಾರು ಸಲ ಪಂಪ್ ಹೊಡೆದು ಗಾಳಿ ತೆಗೆದೆ. ಕಡಿಮೆಯಾಗಿದ್ದ ಹೈಡ್ರಾಲಿಕ್ ಎಣ್ಣೆ ತುಂಬಿದೆ. ಆಮೇಲೆ ಪಂಪ್ ಕೆಳಬದಿಗೆ ಬರುವಂತೆ ಮಲಗಿಸಿದೆ. ಮೊದಲ ಹೊಡೆತಕ್ಕೇ ಚೈನು ಬಿಗಿಯಾಯಿತು. ಎಷ್ಟು ಖುಷಿಯಾಯಿತು ಅಂದರೆ!

ಉಕ್ಕು ಎಳೆದಷ್ಟೂ ನಿಲ್ಲುವುದಿಲ್ಲ, ಬಿಟ್ಟಾಗ ಸ್ವಲ್ಪ ವಾಪಸ್ ಹೋಗುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಚೂರು ಜಾಸ್ತಿ ಎಳೆದು, ಸಡಿಲಿಸಿ, ಚಾಸಿಯ ಎರಡೂ ಮೂಲೆಯಳತೆ (ಒಂದು ಮೂಲೆಯಿಂದ ಓರೆಯಾಗಿ ಎದುರು ಮೂಲೆಗಿರುವ ದೂರ) ನೋಡುತ್ತಿದ್ದೆ. ಚೈನಿನ ಮೇಲೆ ದಪ್ಪ ಕಂಬಳಿ ಹೊದಿಸಿದ್ದೆ, ಚೈನಿನ ನೇರಕ್ಕೆ ಎಂದೂ ನಿಲ್ಲಲಿಲ್ಲ. ತುಂಡಾದ ಚೈನು ಜೀವ ತೆಗೆಯಬಹುದು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಾಲ್ಕನೇ ಎಳೆತಕ್ಕೆ ಎರಡೂ ಅಳತೆ ಸರಿಹೋದವು.