ಕೆಲಸ ಒಪ್ಪುವ ಮುಂಚೆ, ಸಂಬಂಧ ವಿಚಾರಿಸುವ ಹಾಗೆ ವಿಚಾರಿಸಿ

ನಮ್ಮ ಬೆಳಗಾವಿ ಕಡೆ ಮಗಳನ್ನು ಕೊಡುವ ಮುಂಚೆ ಹುಡುಗನ ಊರಿಗೆ ಹೋಗಿ, ಓಣಿಯಲ್ಲಿ ನಾಲ್ಕು ಮಂದಿಯನ್ನು ಕೇಳಿ, ಮನೆತನ ಹೇಗಿದೆ, ಸಾಲ ಎಷ್ಟಿದೆ ಅಂತ ತಿಳಿದುಕೊಂಡೇ ಮುಂದಿನ ಮಾತು. ಅದೇ ಮಕ್ಕಳು ಡಿಪ್ಲೊಮಾ ಮುಗಿಸಿ ಉದ್ಯಮಬಾಗದ್ದೋ ಮಚ್ಛೆಯದ್ದೋ ಕಾರ್ಖಾನೆಗೆ ಕೆಲಸಕ್ಕೆ ಹೊರಟರೆ ಏನೂ ಕೇಳುವುದಿಲ್ಲ. ಆಫರ್ ಲೆಟರ್ ಬಂದರೆ ಸಾಕು, ಕುಂದಾ ಹಂಚಿಬಿಡುತ್ತೇವೆ. ದಿನಕ್ಕೆ ಎಂಟು ತಾಸು ಕಳೆಯುವ ಜಾಗಕ್ಕೂ ವಿಚಾರಣೆ ಬೇಕು ಅಲ್ವಾ?

ಮೊದಲು ಬಯೋಡೇಟಾ. ಸುಳ್ಳು ಬರೆಯಬೇಡಿ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಸೆಟ್ಟಿಂಗ್, ಅಂದರೆ ಮಷಿನನ್ನು ಕೆಲಸಕ್ಕೆ ಸಜ್ಜು ಮಾಡುವುದು, ಬರುತ್ತದೆ ಅಂತ ಬರೆದರೆ ಮಷಿನ್ ಮುಂದೆಯೇ ನಿಲ್ಲಿಸಿ ಮಾಡಿ ತೋರಿಸು ಅನ್ನುತ್ತಾರೆ. ಆಪರೇಟಿಂಗ್ ಮಾತ್ರ ಗೊತ್ತು, ಉಳಿದದ್ದು ಕಲಿಯುತ್ತೇನೆ ಅಂತ ನೇರ ಹೇಳಿ.

ಇಂಟರ್‌ವ್ಯೂಗೆ ಮುಂಚೆ ಒಂದು ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರದ ಚಹಾ ಅಂಗಡಿಗೆ ಹೋಗಿ. ಹೊರಗೆ ಬಂದವರನ್ನು ಮಾತಾಡಿಸಿ, ಪಗಾರ ಯಾವ ತಾರೀಖಿಗೆ ಆಗುತ್ತದೆ, ಓವರ್‌ಟೈಮ್ ದುಡ್ಡು ಕೊಡುತ್ತಾರಾ, ನಿಮಗೆ ಸಿಗುವ ಜಾಗದಲ್ಲಿ ಇದ್ದವರು ಯಾಕೆ ಬಿಟ್ಟರು ಅಂತ ಕೇಳಿ. ಕೊನೆಯದನ್ನು ಮರೆಯಲೇಬೇಡಿ. ಒಂದೇ ಜಾಗಕ್ಕೆ ಪದೇ ಪದೇ ಹೊಸಬರು ಬರುತ್ತಿದ್ದರೆ ಸೂಪರ್‌ವೈಸರ್ ಎಂಥವರು ಅಂತ ಬಿಡಿಸಿ ಕೇಳಿ.

ಪಗಾರದ ಮಾತಿಗೆ ನಾಚಬೇಡಿ. ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ಎಷ್ಟಾದರೂ ಇರಲಿ, ಕೈಗೆ ಎಷ್ಟು ಬರುತ್ತದೆ ಅಂತ ಕೇಳಿ. 20 ಅಥವಾ ಅದಕ್ಕಿಂತ ಜಾಸ್ತಿ ಮಂದಿ ಇರುವ ಕಾರ್ಖಾನೆ ಪಿಎಫ್ (ಭವಿಷ್ಯ ನಿಧಿ) ಕಟ್ಟಬೇಕು. ಸಾಮಾನ್ಯವಾಗಿ ಬೇಸಿಕ್ (ಮೂಲ ಪಗಾರ) ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ ನಿಮ್ಮದು 12%, ಮಾಲೀಕರದೂ 12%. ಆ ಮಾಲೀಕರ ಪಾಲನ್ನೂ ಸಿಟಿಸಿಯಲ್ಲೇ ಸೇರಿಸಿ ತೋರಿಸುವವರು ಇದ್ದಾರೆ, ನೋಡಿಕೊಳ್ಳಿ. ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಬಗ್ಗೆಯೂ ಕೇಳಿ.

ಡಿಪಾಸಿಟ್ ಕಟ್ಟಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಹತ್ತಿರ ಇರಲಿ ಅನ್ನುವವರಿಗೆ ಅಲ್ಲೇ ಕೈಮುಗಿದು ಎದ್ದು ಬನ್ನಿ. ವರದಕ್ಷಿಣೆ ಕೇಳುವ ಮನೆಗೆ ಮಗಳನ್ನು ಕೊಡುತ್ತೀರಾ?

ಕೆಲಸ ಕೊಡುವವರಿಗೂ ಒಂದು ಮಾತು. ಕನ್ಯೆ ನೋಡಿ ಹೋದವರು "ತಿಳಿಸುತ್ತೇವೆ" ಅಂದು ಸುಮ್ಮನಾದರೆ ಆ ಮನೆಯವರು ಎಷ್ಟು ದಿನ ಫೋನ್ ನೋಡುತ್ತಾ ಕೂರುತ್ತಾರೆ ಅಂತ ನಿಮಗೂ ಗೊತ್ತು. ಅಥಣಿಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಹುಡುಗನಿಗೂ ಹಾಗೇ ಆಗುತ್ತದೆ. ಆಗಲ್ಲ ಅಂತಾದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಹಾಕಿ, ಅವನು ಬೇರೆ ಕಡೆ ನೋಡಿಕೊಳ್ಳುತ್ತಾನೆ.

ಈಗಾಗಲೇ ಕೆಲಸದಲ್ಲಿ ಇರುವವರು ಬಾಯಿಮಾತು ನಂಬಿ ರಾಜೀನಾಮೆ ಕೊಡಬೇಡಿ. ಪಗಾರ, ಸೇರುವ ತಾರೀಖು ಕಾಗದದಲ್ಲಿ ಬರಲಿ. ಆಮೇಲೆ ನೋಟಿಸ್ ಅವಧಿ ಮುಗಿಸಿ, ರಿಲೀವಿಂಗ್ ಲೆಟರ್ ತೆಗೆದುಕೊಂಡು, ಪಿಎಫ್‌ನ ಹಳೆಯ ಯುಎಎನ್ ನಂಬರನ್ನೇ ಹೊಸ ಕಂಪನಿಗೆ ಕೊಡಿ.