ಪುಣೆಯ ಶನಿವಾರ ರಾತ್ರಿಗೆ ಒಂದು ಗೇಮ್ ಬಾಡಿಗೆಗೆ ತರುವಾಗ

ಪುಣೆಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಶನಿವಾರ ರಾತ್ರಿ ಬಹಳ ಉದ್ದ ಅನ್ನಿಸುತ್ತದೆ. ಹಿಂಜವಡಿ, ವಾಕಡ್ ಕಡೆ ಫ್ಲಾಟ್ ಹಂಚಿಕೊಂಡು ಇರುವ ನಮ್ಮವರಿಗೆ ನಾನು ಹೇಳುವುದು ಇಷ್ಟೇ: ಮೂರು ಜನರನ್ನು ಮನೆಗೆ ಕರೆಯಿರಿ, ಒಂದು ರಾತ್ರಿಗೆ ಪ್ಲೇಸ್ಟೇಷನ್, ಅಂದರೆ ಟಿವಿಗೆ ಹಚ್ಚಿ ಆಡುವ ಗೇಮ್ ಕನ್ಸೋಲ್, ಬಾಡಿಗೆಗೆ ತನ್ನಿ.

ಯಾವ ಗೇಮ್ ಅನ್ನುವುದೇ ಮುಖ್ಯ. ಫುಟ್‌ಬಾಲ್ ಗೇಮ್ ತಂದರೆ ಆಡಲು ಗೊತ್ತಿರುವ ಇಬ್ಬರೇ ಆಡುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾರೆ. 'ಇಟ್ ಟೇಕ್ಸ್ ಟು' ಚೆನ್ನಾಗಿದೆ, ಆದರೆ ಅದು ಇಬ್ಬರಿಗೆ ಮಾತ್ರ. ನನ್ನ ಆಯ್ಕೆ 'ಓವರ್‌ಕುಕ್ಡ್'. ಒಂದೇ ಟಿವಿ ಮುಂದೆ ನಾಲ್ಕು ಜನ ಸೇರಿ ಅಡುಗೆಮನೆ ನಡೆಸಬೇಕು. ಒಬ್ಬರು ಈರುಳ್ಳಿ ಹೆಚ್ಚಬೇಕು, ಒಬ್ಬರು ಸೂಪ್ ನೋಡಿಕೊಳ್ಳಬೇಕು, ಇನ್ನೊಬ್ಬರು ತಟ್ಟೆ ತೊಳೆಯಬೇಕು. ಪಾತ್ರೆ ಒಲೆ ಮೇಲೆ ಮರೆತರೆ ಬೆಂಕಿ ಹತ್ತಿ ಪಕ್ಕಕ್ಕೂ ಹರಡುತ್ತದೆ. ಅಷ್ಟೊತ್ತಿಗೆ ಧಾರವಾಡದವರು "ತಾಟು ತೊಳೀರೋ!" ಅಂತ ಕೂಗಿರುತ್ತಾರೆ, ಮೈಸೂರಿನವರು "ಬೆಂಕಿ ಆರ್ಸಿ, ಬೆಂಕಿ!" ಅಂತ ಎದ್ದು ನಿಂತಿರುತ್ತಾರೆ. ಅರ್ಧ ಗಂಟೆ ಹಿಂದೆ ಹೆಸರು ಕೇಳಲೂ ಸಂಕೋಚಪಟ್ಟವರು ಇವರೇ. ಗೇಮ್ ಗೊತ್ತಿಲ್ಲದವರಿಗೂ ಎರಡು ಮೂರು ಬಟನ್ ಕಲಿತರೆ ಸಾಕು.

ಅಂಗಡಿಯಲ್ಲಿ ಮರಾಠಿಯಲ್ಲೇ "ಭಾಡ್ಯಾನೆ ಮಿಳೇಲ್ ಕಾ?" (ಬಾಡಿಗೆಗೆ ಸಿಗುತ್ತಾ?) ಅಂತ ಕೇಳಿ. ನಮ್ಮ 'ಬಾಡಿಗೆ'ಗೆ ಹತ್ತಿರದ ಮಾತೇ ಅಲ್ವಾ, ಬೇಗ ನಾಲಿಗೆಗೆ ಬರುತ್ತದೆ. ಡಿಪಾಸಿಟ್ ಜೊತೆ ಗುರುತಿನ ಚೀಟಿ ಕೇಳಬಹುದು. ಅಸಲಿ ಆಧಾರ್ ಬಿಟ್ಟು ಬರಬೇಡಿ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಅದರ ಪ್ರತಿ ಕೊಡಿ. ಡಿಪಾಸಿಟ್‌ಗೆ ರಸೀದಿ ಇಲ್ಲದಿದ್ದರೆ ವಾಟ್ಸ್ಯಾಪ್‌ನಲ್ಲಾದರೂ ಮೊತ್ತ ಬರೆಸಿಕೊಳ್ಳಿ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಮೇಲೆ ಗೀರು ಇದ್ದರೆ ಅಲ್ಲೇ, ಅವರ ಎದುರಿಗೇ, ಫೋಟೋ ತೆಗೆಯಿರಿ.

ಒಂದು ಸಲ ನಮಗೆ ಪಿಎಸ್ 5 (ಪ್ಲೇಸ್ಟೇಷನ್ 5) ಜೊತೆ ಎರಡು ಹಳೆಯ ಪಿಎಸ್ 4 ಕಂಟ್ರೋಲರ್ ಕೊಟ್ಟು ಕಳಿಸಿದ್ದರು. ಪಿಎಸ್ 5 ಗೇಮ್‌ಗೆ ಅವು ನಡೆಯುವುದಿಲ್ಲ, ಪಿಎಸ್ 4 ಗೇಮ್‌ಗೆ ಮಾತ್ರ ನಡೆಯುತ್ತವೆ. ಮನೆ ತುಂಬ ಜನ, ಆಡುವವರು ಇಬ್ಬರೇ. ಬಂದವರ ಮುಖ ನೋಡಿ ನನಗೆ ತುಂಬ ಬೇಜಾರಾಯಿತು. ಅಂದಿನಿಂದ ನಾಲ್ಕೂ ಕಂಟ್ರೋಲರ್ ಅಂಗಡಿಯಲ್ಲೇ ಹಚ್ಚಿ ನೋಡುತ್ತೇನೆ. ಡಿಸ್ಕ್ ಕೊಟ್ಟರೆ ಕನ್ಸೋಲ್‌ಗೆ ಡಿಸ್ಕ್ ಡ್ರೈವ್ ಇದೆಯಾ ಅಂತಲೂ ನೋಡಿ, ಡಿಜಿಟಲ್ ಎಡಿಷನ್‌ನಲ್ಲಿ ಅದು ಇರುವುದಿಲ್ಲ.

ಸಾಧ್ಯವಾದರೆ ಮಧ್ಯಾಹ್ನವೇ ತನ್ನಿ. ಡಿಸ್ಕ್ ಹಾಕಿದ ಕೂಡಲೇ ಗೇಮ್ ಶುರುವಾಗುವುದಿಲ್ಲ. ಇನ್‌ಸ್ಟಾಲ್ ಆಗಬೇಕು, ಅಪ್‌ಡೇಟ್ ಇಳಿಯಬೇಕು. ಪಿಜಿ ವೈಫೈ ಆದರೆ ಇನ್ನೂ ಜಾಸ್ತಿ ಹೊತ್ತು. ಟಿವಿಯಲ್ಲಿ ಗೇಮ್ ಮೋಡ್ ಹಾಕಿದರೆ ಬಟನ್ ಒತ್ತಿದ್ದಕ್ಕೂ ಅದು ಪರದೆಯಲ್ಲಿ ಕಾಣುವುದಕ್ಕೂ ನಡುವಿನ ಹೊತ್ತು ಕಡಿಮೆಯಾಗುತ್ತದೆ.

ಗಿರ್ಮಿಟ್, ಮಿರ್ಚಿ ಏನಿದ್ದರೂ ಆಟಕ್ಕೆ ಮೊದಲೇ ತಿಂದು ಕೈ ತೊಳೆಯಿರಿ. ರಾತ್ರಿ 10ರ ನಂತರ ಕಿಟಕಿ ಮುಚ್ಚಿ, ಸೌಂಡ್ ಇಳಿಸಿ. ಸೊಸೈಟಿಯಲ್ಲಿ ಬಾಡಿಗೆಗಿರುವ ಹುಡುಗರ ಮೇಲೆ ದೂರು ಬೇಗ ಹೋಗುತ್ತದೆ. ಪಕ್ಕದ ಮನೆಯ ಕಾಕೂಗೆ ಸಂಜೆಯೇ ಒಂದು ಮಾತು ಹೇಳಿಡಿ.

ಬೆಳಗ್ಗೆ ವಾಪಸ್ ಕೊಡುವಾಗ ಎಚ್‌ಡಿಎಂಐ ಕೇಬಲ್ ಟಿವಿ ಹಿಂದೆ ಉಳಿದಿದೆಯಾ ನೋಡಿ. ಹೆಚ್ಚಾಗಿ ಅಲ್ಲೇ ಇರುತ್ತದೆ.