ಎರಿ ಮಣ್ಣಿನ ಮೇಲಿನ ಹಳೆ ಮನೆ: ಇಸಾರ (ಮುಂಗಡ) ಕೊಡುವ ಮೊದಲು, ಗಿಲಾವು ಮಾಡಿಸುವ ಮೊದಲು

ಹುಬ್ಬಳ್ಳಿಯಲ್ಲಿ ಹಳೆ ಮನೆ ನೋಡಲು ಹೋದವರು ಟೈಲ್ಸ್ ನೋಡುತ್ತಾರೆ, ಅಡುಗೆಮನೆ ಕಟ್ಟೆ ನೋಡುತ್ತಾರೆ, ಬಣ್ಣ ನೋಡಿ ತಲೆಯಾಡಿಸುತ್ತಾರೆ. ನೋಡಬೇಕಾದದ್ದು ಕಿಟಕಿಯ ಮೂಲೆ, ಗೋಡೆಯ ಬುಡ, ಮಾಳಿಗೆಯ ಮಳೆನೀರು ಬೀಳುವ ಜಾಗ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ನವಲಗುಂದ, ಗದಗಿನ ಕಡೆ ಹೋದಷ್ಟೂ ನೆಲ ಎರಿ, ಅಂದರೆ ಕಪ್ಪು ಜೇಡಿಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಏಪ್ರಿಲ್-ಮೇ ಹೊತ್ತಿಗೆ ಕೈ ತೂರುವಷ್ಟು ಬಿರಿಯುತ್ತದೆ. ಪಾಯ ಆಳಕ್ಕೆ ಹೋಗಿಲ್ಲದಿದ್ದರೆ ಮನೆಯೂ ಅದರ ಜೊತೆ ಏರಿಳಿಯುತ್ತದೆ. ಧಾರವಾಡ ದಾಟಿ ಅಳ್ನಾವರದ ದಿಕ್ಕಿಗೆ ಕೆಂಪು ಮಣ್ಣು, ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು). ಅಲ್ಲಿನ ತಕರಾರು ಹೆಚ್ಚಾಗಿ ಗೋಡೆಗೆ ಏರುವ ತೇವದ್ದು, ಅದು ಬೇರೆ ಮಾತು.

ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಸ್ಲ್ಯಾಬಿನ ಕೆಳಗೆ ಗೋಡೆಯುದ್ದಕ್ಕೂ ಅಡ್ಡಲಾಗಿ ಓಡುವ ಗೆರೆ ಸಾಮಾನ್ಯವಾಗಿ ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಕುಗ್ಗಿದ್ದರಿಂದ ಬಂದದ್ದು. ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಕೂಡುವಲ್ಲಿ ನೆಟ್ಟಗೆ ಬಿಟ್ಟ ಸೀಳು ಎರಡು ಬೇರೆ ವಸ್ತುಗಳ ಜಗಳ. ಜೇಡರ ಬಲೆಯಂತೆ ಹರಡಿದ ಕೂದಲೆಳೆ ಗೆರೆಗಳು ಬರೀ ಗಿಲಾವಿನವು. ನೆಲದಿಂದ ಬಂದ ಬಿರುಕು ಕಿಟಕಿ ಅಥವಾ ಬಾಗಿಲ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಳಗೂ ಹೊರಗೂ ಅದೇ ಜಾಗದಲ್ಲಿ ಕಾಣುತ್ತದೆ. ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಮನೆಯ ಮೂಲೆಗಳು ಕುಸಿಯುತ್ತಿವೆ ಎಂದರ್ಥ: ಹೊರಗಿನ ಮಣ್ಣು ಒಣಗಿ, ಮನೆಯಡಿಯದು ಹಸಿಯಾಗೇ ಉಳಿದಿದೆ. ಕೆಳಗೆ ಅಗಲವಿದ್ದರೆ ನಡುಭಾಗ ಕುಸಿದಿದೆ. ಇಡೀ ಗೋಡೆ ಹಳೆ ಬಣ್ಣದ್ದಾಗಿ, ಒಂದು ಓರೆ ಪಟ್ಟಿ ಮಾತ್ರ ಹೊಸ ಪುಟ್ಟಿ ಬಳಿದುಕೊಂಡಿದ್ದರೆ ಮಾಲೀಕರನ್ನು ಕೇಳಲು ಸಂಕೋಚ ಬೇಡ.

ಬೇಸಿಗೆಯಲ್ಲೊಮ್ಮೆ, ಆಗಸ್ಟ್-ಸೆಪ್ಟೆಂಬರಿನಲ್ಲೊಮ್ಮೆ ನೋಡಿದರೆ ಮನೆ ತಾನೇ ಎಲ್ಲ ಹೇಳುತ್ತದೆ. ಅಷ್ಟು ಸಮಯ ಯಾರಿಗಿದೆ ಎನ್ನುವವರು ಮೂರು ಅಳತೆ ಮಾಡಿಕೊಳ್ಳಿ. ಬಾಗಿಲ ಚೌಕಟ್ಟಿನ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆಯಿರಿ, ಹತ್ತು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಚೌಕಟ್ಟು ಸೊಟ್ಟಗಾಗಿದೆ. ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮನೆಯ ನಾಲ್ಕೂ ಮೂಲೆಯಲ್ಲಿ ನೆಲದ ಮಟ್ಟ ನೋಡಿ. ಈ ಕೆಲಸ ಯಾವ ಗೌಂಡಿಯಾದರೂ ಅರ್ಧ ತಾಸಿನಲ್ಲಿ ಮಾಡಿಕೊಡುತ್ತಾನೆ. ಮೂರನೆಯದು ಮಣ್ಣಿನ ಪರೀಕ್ಷೆ. ಹಿತ್ತಲಲ್ಲಿ ಎರಡು ಮೂರು ಅಡಿ ಆಳದ ಮಣ್ಣು ತೆಗೆದು ಚೆನ್ನಾಗಿ ಒಣಗಿಸಿ, ಕುಟ್ಟಿ, ಸಣ್ಣ ಜರಡಿ ಹಿಡಿಯಿರಿ. 100 ಮಿ.ಲೀ.ನ ಎರಡು ಅಳತೆ ಸಿಲಿಂಡರಿಗೆ ಹತ್ತತ್ತು ಗ್ರಾಂ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ 24 ತಾಸು ಬಿಡಿ. ಸೀಮೆಎಣ್ಣೆಗೆ ಈ ಮಣ್ಣು ಉಬ್ಬುವುದಿಲ್ಲ. ಅದರಲ್ಲಿ 10 ಮಿ.ಲೀ.ಗೆ ಕೂತ ಮಣ್ಣು ನೀರಿನಲ್ಲಿ 17ಕ್ಕೆ ಕೂತರೆ ಉಬ್ಬರ ಶೇ. 70. ಶೇ. 50 ದಾಟಿತೆಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡದೆ ಇಸಾರ ಕೊಡಬೇಡಿ.

ಕಾಗದದ ವಿಷಯ ಚುಟುಕಾಗಿ: ಸಿಟಿಎಸ್ ಉತಾರ (ನಗರ ಸರ್ವೆ ದಾಖಲೆಯ ನಕಲು), 30 ವರ್ಷದ ಇಸಿ (ಋಣಭಾರ ಪತ್ರ), ಪಾಲಿಕೆಯ ಇ-ಖಾತಾ, ಕಟ್ಟಡ ಪರವಾನಗಿ, ಲೇಔಟ್ ಆಗಿದ್ದರೆ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ. ಗುಂಠಾ ಪ್ಲಾಟಿನ (ಮಂಜೂರಾತಿಯಿಲ್ಲದೆ ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ ಜಾಗ) ಮೇಲಿನ ಮನೆಯಾದರೆ ವಕೀಲರ ಬಳಿ ಹೋಗಿ ಆಮೇಲೆ ಚೌಕಾಶಿ ಮಾಡಿ. ಮುದ್ರಾಂಕ ಶುಲ್ಕ ಸೆಸ್-ಸರ್ಚಾರ್ಜ್ ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ದುರಸ್ತಿಗೆಂದು ಇಟ್ಟ ದುಡ್ಡಿಗೆ ಇದು ಕೈ ಹಾಕದಂತೆ ಮೊದಲೇ ಬೇರೆ ಎತ್ತಿಡಿ.

ಮನೆ ಕೈಗೆ ಬಂದ ಮೇಲೆ ಎಲ್ಲರೂ ಗಿಲಾವಿನಿಂದ ಶುರು ಮಾಡುತ್ತಾರೆ. ಅದೇ ತಪ್ಪು. ಮೊದಲು ನೀರು. ಬಚ್ಚಲ ಪೈಪು, ಚೇಂಬರು, ಸಂಪು ಸೋರುತ್ತಿದ್ದರೆ ಒಂದು ಮೂಲೆಯ ಮಣ್ಣು ವರ್ಷವಿಡೀ ಉಬ್ಬಿಕೊಂಡೇ ಇರುತ್ತದೆ, ಉಳಿದ ಮೂರು ಒಣಗುತ್ತವೆ. ಸಂಪು ತುಂಬಿಸಿ, ವಾಲ್ವ್ ಮುಚ್ಚಿ, ಮೋಟರ್ ಹಚ್ಚದೆ ಗುರುತು ಹಾಕಿ. 24 ತಾಸಿನ ಮೇಲೆ ನೀರು ಇಳಿದಿದ್ದರೆ ಸೋರಿಕೆ ಖಾತ್ರಿ. ಮಲಪ್ರಭಾ ನೀರು ಐದು ದಿನಕ್ಕೊಮ್ಮೆ ಬರುವ ಓಣಿಗಳಲ್ಲಿ ದೊಡ್ಡ ಸಂಪು ಬೇಕೇ ಬೇಕು: ಐದು ಜನಕ್ಕೆ, ತಲಾ 135 ಲೀಟರಿನಂತೆ, ಐದು ದಿನಕ್ಕೆ 3,375 ಲೀಟರ್. ಹೊಸದಾಗಿ ಕಟ್ಟಿಸುವುದಾದರೆ ಗೋಡೆಯಿಂದ ಹತ್ತಡಿ ದೂರ, ಇಟ್ಟಿಗೆ ಬಿಟ್ಟು ಆರ್‌ಸಿಸಿಯಲ್ಲೇ ಕಟ್ಟಿಸಿ. ಉಬ್ಬುವ ಎರಿ ಪಕ್ಕದಿಂದ ಒತ್ತಿ ಇಟ್ಟಿಗೆಯ ಸಂಪನ್ನು ಸೀಳುತ್ತದೆ.

ನಂತರ ಮನೆ ಸುತ್ತ ಅಂಚು, ಅಂದರೆ ಗೋಡೆಯ ಬುಡಕ್ಕೆ ನೀರು ಇಳಿಯದಂತೆ ತಡೆಯುವ ಕಾಂಕ್ರೀಟ್ ಪಟ್ಟಿ. ಐದರಿಂದ ಆರು ಅಡಿ ಅಗಲಕ್ಕೆ ಒಂದಡಿ ಎರಿ ಮಣ್ಣು ತೆಗೆದುಹಾಕಿ, ಅದನ್ನು ಮತ್ತೆ ಬಳಸಬೇಡಿ. ತಳದಲ್ಲಿ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಹಾಳೆಯ ಸೇರಿಕೆ ಅರ್ಧ ಅಡಿ. ಅದರ ಮೇಲೆ ಗರಸು ಹಾಕಿ, ನೀರು ಚಿಮುಕಿಸಿ, ನಾಲ್ಕು ನಾಲ್ಕು ಇಂಚಿನ ಎರಡು ಪದರವಾಗಿ ಧಮ್ಮಸು ಹೊಡೆಸಿ ಗಟ್ಟಿ ಮಾಡಿಸಿ. ಕೊನೆಗೆ 1:3:6 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟ್ ನಾಲ್ಕು ಇಂಚು. ಇಳಿಜಾರು ಹೊರಗಡೆಗೆ, ಆರಡಿಗೆ ಎರಡು ಇಂಚಾದರೂ ಇರಲಿ. ಗೌಂಡಿಗಳು ಮುಲಾಜಿಲ್ಲದೆ ಮಾಡುವ ತಪ್ಪೆಂದರೆ ಈ ಕಾಂಕ್ರೀಟನ್ನು ಗೋಡೆಗೆ ಅಂಟಿಸಿಬಿಡುವುದು. ಅರ್ಧ ಇಂಚು ಸಂದು ಬಿಟ್ಟು ಡಾಂಬರು ತುಂಬಿಸಿ, ಇಲ್ಲದಿದ್ದರೆ ಅಂಚು ಏರಿದಾಗ ಗೋಡೆಯನ್ನೂ ಕೀಳುತ್ತದೆ. ಮಾಳಿಗೆಯ ಮಳೆನೀರಿನ ಪೈಪುಗಳನ್ನು ಅಂಚಿನಾಚೆಯ ಚರಂಡಿಗೇ ಒಯ್ಯಿರಿ.

ಗೋಡೆಗೆ ಹತ್ತಿ ಬೆಳೆದ ಬೇವಿನ ಮರ ಬೇಸಿಗೆಯಲ್ಲಿ ಪಾಯದಡಿಯ ತೇವ ಹೀರುತ್ತದೆ, ನಿಜ. ಆದರೆ ಒಂದೇ ದಿನ ಬುಡಸಮೇತ ಕಡಿದರೆ ಹೀರುವವರಿಲ್ಲದೆ ಮಣ್ಣು ಉಬ್ಬಿ ಹೊಸ ಬಿರುಕು ಹುಟ್ಟುತ್ತದೆ. ಎರಡು ಮೂರು ವರ್ಷದಲ್ಲಿ ಕೊಂಬೆ ತಗ್ಗಿಸುತ್ತ ಬನ್ನಿ.

ಬಿರುಕಿಗೆ ಈಗ ಸರದಿ. ಅಂಚು ಕಟ್ಟಿದ ಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ತಾರೀಕು ಬರೆದಿಟ್ಟರೆ ಬೆಳೆದಿದೆಯೋ ಇಲ್ಲವೋ ತಿಳಿಯುತ್ತದೆ. ಬೆಳೆದಿಲ್ಲವೆಂದರೆ ನವೆಂಬರ್-ಡಿಸೆಂಬರಿನಲ್ಲಿ ಮುಚ್ಚಿಸಿ. ಮೇ ತಿಂಗಳಲ್ಲಿ ಅಗಲವಾಗಿ ಬಿಟ್ಟ ಸೀಳಿಗೆ ಗಟ್ಟಿ ಸಿಮೆಂಟು ತುಂಬಿದರೆ ಮಳೆಗಾಲದಲ್ಲಿ ಸೀಳು ಕೂಡಲು ಹೋಗಿ ಅದರ ಎರಡೂ ಬದಿಯ ಇಟ್ಟಿಗೆ ಪುಡಿಯಾಗುತ್ತದೆ. ಜುಲೈನಲ್ಲಿ ತುಂಬಿದರೆ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಸೀಳಿನ ಎರಡೂ ಬದಿ ಗೇಣಗಲ ಗಿಲಾವು ಕೆತ್ತಿಸಿ. ನಾಲ್ಕೈದು ವರಸೆಗೊಂದರಂತೆ ಇಟ್ಟಿಗೆಯ ಅಡ್ಡ ಸಂದನ್ನು ಒಂದೂವರೆ ಇಂಚು ಆಳ ಬಿಡಿಸಿ, ಸೀಳಿನ ಎರಡೂ ಕಡೆ ಒಂದೂವರೆ ಅಡಿ ಚಾಚುವಂತೆ 6 ಮಿ.ಮೀ. ಸ್ಟೇನ್‌ಲೆಸ್ ಸಳಿ ಕೂರಿಸಿ, ಒಣಗಿದಾಗ ಕುಗ್ಗದ ಗ್ರೌಟ್ (ಸಂದು ತುಂಬುವ ಸಿಮೆಂಟು ಗಾರೆ) ತುಂಬಿಸಿ. ಮೇಲೆ ಜಾಳಿಗೆ ಬಡಿದು ಗಿಲಾವು. ಬರೀ ಪುಟ್ಟಿ ಮೆತ್ತಿದ್ದು ಮುಂದಿನ ಯುಗಾದಿಯವರೆಗೂ ಬಾಳುವುದು ಅನುಮಾನ.

ಮೇಲೊಂದು ಮಹಡಿ ಏರಿಸುವ ಆಲೋಚನೆಯಿದ್ದರೆ ಬೇಸಿಗೆಯಲ್ಲೇ ಒಂದು ಮೂಲೆಯಲ್ಲಿ ಮೂರಡಿ ಚೌಕದ ತಗ್ಗು ತೆಗೆಸಿ, ಪಾಯ ಎಷ್ಟು ಆಳ, ಯಾವ ಮಣ್ಣಿನ ಮೇಲೆ ಕೂತಿದೆ ಎಂದು ಎಂಜಿನಿಯರಿಗೆ ತೋರಿಸಿ. ಅದೇ ದಿನ ಗರಸು ತುಂಬಿ ಧಮ್ಮಸು ಹೊಡೆಸಿ ಮುಚ್ಚಿ; ತೆರೆದಿಟ್ಟ ತಗ್ಗಿಗೆ ಒಂದು ಅಡ್ಡಮಳೆಯ ನೀರು ಇಳಿದರೂ ಆ ಮೂಲೆ ಕೆಡುತ್ತದೆ. ಮಾಳಿಗೆ ಮೇಲೆ 2,000 ಲೀಟರ್ ಟ್ಯಾಂಕ್ ಇಡುವುದಾದರೂ ನೀರಿನದೇ ಎರಡು ಟನ್ ತೂಕ. ಸ್ಲ್ಯಾಬಿನ ನಡುವೆ ಬೇಡ, ಎರಡು ಗೋಡೆ ಕೂಡುವ ಮೂಲೆಯ ಮೇಲೆ, ಬಿರುಕಿಲ್ಲದ ಕಡೆ ಇಡಿಸಿ.